ವಂತಿಗೆ ತಡೆಯಬೇಡಿ, ಕಡತ ಕೇಳಿ

ಉದ್ದೀಪನ ಮದ್ದಿನ ದೊಡ್ಡ ಪ್ರಕರಣ ಬಯಲಾದಾಗಲೆಲ್ಲ ಅದೇ ಹಳೇ ಕೂಗು: ಸರ್ಕಾರಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾಕ್ಕೆ ಕೊಡುವ ದುಡ್ಡು ನಿಲ್ಲಿಸಲಿ, ತಾನಾಗಿ ದಾರಿಗೆ ಬರುತ್ತದೆ. ಅಮೆರಿಕ ಅದನ್ನೂ ಮಾಡಿ ನೋಡಿತು. 2024ರ ವಂತಿಗೆ ಸುಮಾರು 36 ಲಕ್ಷ ಡಾಲರ್ ಕಟ್ಟಲಿಲ್ಲ. ಬಾಕಿ ಉಳಿಸಿಕೊಂಡ ದೇಶದ ಪ್ರತಿನಿಧಿ ಮಂಡಳಿಯಲ್ಲಾಗಲಿ ಕಾರ್ಯಕಾರಿ ಸಮಿತಿಯಲ್ಲಾಗಲಿ ಕೂರುವಂತಿಲ್ಲ ಎಂಬುದು ವಾಡಾದ ನಿಯಮ. ಹೀಗಾಗಿ ಕುರ್ಚಿ ಹೋಯಿತು. ಪ್ರಶ್ನೆ ಕೇಳಬೇಕಾದವರೇ ಬಾಗಿಲಾಚೆ ನಿಂತರು.

ವಾಡಾದ ಖರ್ಚಿನ ಅರ್ಧ ಸರ್ಕಾರಗಳದ್ದು, ಇನ್ನರ್ಧ ಒಲಿಂಪಿಕ್ ಚಳವಳಿಯದ್ದು. ಸರ್ಕಾರಗಳು ಕಟ್ಟಿದಷ್ಟಕ್ಕೆ ಸರಿಯಾಗಿ ಒಲಿಂಪಿಕ್ ಸಮಿತಿ ಹಾಕುವುದು ವಾಡಿಕೆ. ಅಂದರೆ ಒಂದು ಡಾಲರ್ ತಡೆದರೆ ಅದರ ಜೋಡಿ ಡಾಲರೂ ನಿಲ್ಲಬಹುದು. ಹಾಗಾದರೆ ಮೊದಲು ಸೊರಗುವುದು ಯಾವುದು? ಬಹುಶಃ ತನಿಖೆ, ಸಂಶೋಧನೆ.

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇನ್ನೊಂದಿದೆ. ಅಪರೂಪದ ಸಂದರ್ಭ ಬಿಟ್ಟರೆ ವಾಡಾ ಯಾರ ಮೂತ್ರವನ್ನೂ ಸಂಗ್ರಹಿಸುವುದಿಲ್ಲ, ಯಾರನ್ನೂ ನಿಷೇಧಿಸುವುದಿಲ್ಲ. ಮಾದರಿ ತೆಗೆಯುವುದು ಆಯಾ ದೇಶದ ಸಂಸ್ಥೆ ಅಥವಾ ಅಂತರರಾಷ್ಟ್ರೀಯ ಫೆಡರೇಷನ್. ಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ. ಆರೋಪ ಹೊರಿಸುವುದು, ಕೈಬಿಡುವುದು ಮತ್ತೆ ಅದೇ ಸಂಸ್ಥೆ. ಅದರ ತೀರ್ಮಾನ ಬಂದ ಮೇಲೆ ವಾಡಾದ ಸರದಿ. ಪೂರ್ಣ ಕಡತ ತರಿಸಿಕೊಂಡರೆ, ಅದು ಕೈಸೇರಿದ ಮೇಲೆ ಮೇಲ್ಮನವಿಗೆ 21 ದಿನ. ಉಳಿದ ಕಕ್ಷಿದಾರರ ಗಡುವು ಮುಗಿದು 21 ದಿನ ಎಂಬ ಲೆಕ್ಕವೂ ಇದೆ, ಎರಡರಲ್ಲಿ ತಡವಾದದ್ದು ಅನ್ವಯ. ಮೇಲ್ವಿಚಾರಣೆಯ ನಿಜವಾದ ಹಲ್ಲು ಈ 21 ದಿನಗಳಲ್ಲಿದೆ.

2021ರ ಜನವರಿಯಲ್ಲಿ ಚೀನಾದ 23 ಈಜುಗಾರರ ಮಾದರಿಗಳಲ್ಲಿ ಹೃದಯದ ಔಷಧಿ ಟ್ರೈಮೆಟಾಜಿಡಿನ್ ಸಿಕ್ಕಿತು. ಹೋಟೆಲ್ ಅಡುಗೆಮನೆಯಿಂದ ಬೆರೆತದ್ದು ಎಂದು ಅಲ್ಲಿನ ಸಂಸ್ಥೆ ಕಡತ ಮುಚ್ಚಿತು. ಈ ವರ್ಗದ ಮದ್ದಿಗೆ ತಾತ್ಕಾಲಿಕ ಅಮಾನತು ಕಡ್ಡಾಯ, ಅದಾಗಲಿಲ್ಲ. ಆಟಗಾರರ ತಪ್ಪಿಲ್ಲವೆಂದು ಸಾಬೀತಾದರೂ ನಿಯಮಭಂಗ ದಾಖಲಾಗಬೇಕು, ಆ ಸ್ಪರ್ಧೆಯ ಫಲಿತಾಂಶ ರದ್ದಾಗಬೇಕು; ಅದೂ ಆಗಲಿಲ್ಲ. ವಾಡಾ ಮೇಲ್ಮನವಿ ಹೋಗಲಿಲ್ಲ. ಜಗತ್ತಿಗೆ ಗೊತ್ತಾದದ್ದು 2024ರ ಏಪ್ರಿಲ್‌ನಲ್ಲಿ, ಪತ್ರಕರ್ತರಿಂದ. ಸ್ವಿಸ್ ಮಾಜಿ ಪ್ರಾಸಿಕ್ಯೂಟರ್ ಎರಿಕ್ ಕೊಟಿಯರ್ ಪರಿಶೀಲಿಸಿ, ವಾಡಾ ಪಕ್ಷಪಾತ ಮಾಡಿಲ್ಲ, ಮೇಲ್ಮನವಿ ಬಿಟ್ಟದ್ದು ಅಸಮಂಜಸವಲ್ಲ, ಆದರೆ ಚೀನಾದ ಸಂಸ್ಥೆ ನಿಯಮ ಪಾಲಿಸಿಲ್ಲ ಎಂದರು. ಈ ಮೂರನ್ನೂ ಒಟ್ಟಿಗೆ ಓದಬೇಕು. ಸಾಮಾನ್ಯವಾಗಿ ಓದುವುದು ತಮಗೆ ಬೇಕಾದ ಒಂದನ್ನು ಮಾತ್ರ.

ಸರ್ಕಾರಗಳು ಕೇಳಬೇಕಾದದ್ದು ಇಲ್ಲಿದೆ. ಗುಂಪಾಗಿ ಸಿಕ್ಕಿಬಿದ್ದ ಪ್ರಕರಣದ ಕಡತವನ್ನು ಹೊರಗಿನ ತಜ್ಞರೊಬ್ಬರೂ ಓದಲಿ. ಮೇಲ್ಮನವಿ ಬೇಡವೆಂದರೆ ಕಾರಣ ಲಿಖಿತವಾಗಿರಲಿ, ನಿಗದಿತ ಅವಧಿಯಲ್ಲಿ ಪ್ರಕಟವಾಗಲಿ. ಇದು ಮಂಡಳಿಯ ಸಭೆಯಲ್ಲಿ ಕೂತು ಗೆಲ್ಲಬೇಕಾದ ವಾದ. ಹಾಗಂತ ಮಂತ್ರಿಗಳೇ ಕಡತ ಓದುತ್ತೇವೆಂದು ಹೊರಟರೆ ಇನ್ನೊಂದು ಅನಾಹುತ: ಪದಕ ಬೇಕಾದವರೂ ಅವರೇ ಅಲ್ಲವೇ?

ವಾಡಾದ ಕೈಗೆ ಎಟುಕದ್ದು ಸರ್ಕಾರದ ಬಳಿಯಿದೆ, ಪೊಲೀಸರು. 2020ರ ಡಿಸೆಂಬರ್‌ನಲ್ಲಿ ಜಾರಿಯಾದ ಅಮೆರಿಕದ ರಾಡ್ಚೆಂಕೋವ್ ಕಾಯ್ದೆ ಮದ್ದಿನ ಸಂಚು ನಡೆಸುವವರಿಗೆ 10 ವರ್ಷದವರೆಗೆ ಜೈಲು ಇಟ್ಟಿದೆ. ಕಾಯ್ದೆ ಆಟಗಾರರನ್ನು ಮುಟ್ಟುವುದಿಲ್ಲ. ನೈಜೀರಿಯಾದ ಓಟಗಾರ್ತಿ ಬ್ಲೆಸಿಂಗ್ ಒಕಗ್ಬಾರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಸೆಮಿಫೈನಲ್‌ಗೆ ಮುನ್ನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹೊರಬಿದ್ದರು. ಮದ್ದು ಪೂರೈಸಿದವನ ವಿರುದ್ಧ ಅವರ ಮೊಬೈಲ್ ಸಂದೇಶಗಳು ಸಾಕ್ಷಿಯಾದವು, 2023ರಲ್ಲಿ ಆತ ತಪ್ಪೊಪ್ಪಿಕೊಂಡ. ಒಕಗ್ಬಾರೆ ಮೇಲಿನ ನಿಷೇಧ ಮಾತ್ರ ಕ್ರೀಡೆಯ ಶಿಸ್ತು ಸಮಿತಿಯಿಂದಲೇ ಬಂತು: ಮೊದಲು 10 ವರ್ಷ, ಆಮೇಲೆ ಇನ್ನೊಂದು ಸೇರಿ 11.