ಪದ ಪರಿಚಯ: ಪ್ರತಿವಿಷ

ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಮ್ಮ ಹಳ್ಳಿಗಳಲ್ಲಿ ‘ಔಷಧಿ’ ಅಂತಲೇ ಕರೆಯುತ್ತಾರೆ. ಉತ್ತರ ಕರ್ನಾಟಕದ ಕಡೆ ಅದು ‘ಎಣ್ಣಿ’. ವಿಷ ಅನ್ನುವ ಮಾತು ಬಾಯಿಗೆ ಬರುವುದು ಹೊಡೆದವರು ತಲೆ ಸುತ್ತಿ ಬದುವಿನ ಮೇಲೆ ಕೂತಾಗ. ಆಗ ಡಬ್ಬಿಯ ಚೀಟಿಯಲ್ಲಿ ಎಲ್ಲರೂ ಹುಡುಕುವುದು ‘ಪ್ರತಿವಿಷ’, ಅಂದರೆ ಆ್ಯಂಟಿಡೋಟ್.

ವಿಷ ಮೈಯೊಳಗೆ ಮಾಡುವ ಕೆಲಸವನ್ನು ತಡೆಯುವ ಮದ್ದೇ ಪ್ರತಿವಿಷ. ಕ್ಲೋರ್‌ಪೈರಿಫಾಸ್‌ನಂಥ, ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳನ್ನೇ ನೋಡಿ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಒಡೆದುಹಾಕಲು ಒಂದು ಕಿಣ್ವ ಇದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಳ್ಳುತ್ತದೆ. ಬೆವರು, ಜೊಲ್ಲು, ಕಣ್ಣೀರು ಒಂದೇ ಸಮನೆ ಸುರಿಯುತ್ತವೆ. ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತದೆ, ಮಾಂಸಖಂಡ ಅದುರುತ್ತದೆ, ಉಸಿರು ಕಟ್ಟುತ್ತದೆ. ಇದಕ್ಕೆ ಕೊಡುವುದು ಅಟ್ರೋಪಿನ್. ಅದು ಸಿಗುವುದೂ ಬೆಲಡೋನಾ ಎಂಬ ವಿಷದ ಗಿಡದಲ್ಲೇ! ಆದರೆ ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ.

ಅಟ್ರೋಪಿನ್ ಎಷ್ಟು ಕೊಡಬೇಕೆಂದು ವೈದ್ಯರು ನಾಡಿ, ಉಸಿರು ನೋಡುತ್ತಾ ತೀರ್ಮಾನಿಸುತ್ತಾರೆ. ಹಾಗಾಗಿ ಚೀಟಿಯ ಆ ಸಾಲು ಇರುವುದು ಅವರಿಗೆ. ಮನೆಯವರ ಕೈಯಲ್ಲಿರುವುದು ನೀರು, ಸೋಪು.

ಮೊದಲು ಹೊಲದಿಂದ ಗಾಳಿ ಆಡುವ ಕಡೆಗೆ ಕರೆತನ್ನಿ. ಒದ್ದೆಯಾದ ಬಟ್ಟೆಯನ್ನು ತಕ್ಷಣ ತೆಗೆಸಿ. ಪಂಪು ಸೋರಿ ಬೆನ್ನು ನೆನೆದಿದ್ದರಂತೂ ಒಂದು ನಿಮಿಷವೂ ಕಾಯಬೇಡಿ, ಯಾಕೆಂದರೆ ವಿಷ ಚರ್ಮದ ಮೂಲಕವೂ ಇಳಿಯುತ್ತದೆ. ಮೈ, ಕೂದಲು, ಉಗುರು ಸಂದಿ ಎಲ್ಲವನ್ನೂ ಸೋಪು ಹಚ್ಚಿ ತೊಳೆಯಿರಿ. ತೊಳೆಯುವವರ ಕೈಗೆ ಗ್ಲೌಸ್ ಇರಲಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷವಾದರೂ ಶುದ್ಧ ನೀರು ಹರಿಸಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸುವ ಅಭ್ಯಾಸ ನಮ್ಮಲ್ಲಿದೆ ಅಲ್ವಾ, ಅದು ಬೇಡ. ವಾಂತಿ ಶ್ವಾಸಕೋಶಕ್ಕೆ ನುಗ್ಗಿದರೆ ಕಷ್ಟ ಜಾಸ್ತಿಯಾಗುತ್ತದೆ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಡಬ್ಬಿಯ ಮೇಲಿನ ಬಣ್ಣದ ಚೌಕವನ್ನೂ ನೋಡಿ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕಡಿಮೆ ವಿಷ ಅಂತ ಅಷ್ಟೇ, ಸುಮ್ನೆ ಕೈ ಅದ್ದಿ ಕಲಸಬಹುದು ಅಂತಲ್ಲ.

ಆಸ್ಪತ್ರೆಗೆ ಹೋಗುವಾಗ ಡಬ್ಬಿ ಜೊತೆಗಿರಲಿ, ಇಲ್ಲವೇ ಚೀಟಿಯ ಫೋಟೋ. ಅಂಗಡಿಯಿಂದ ತಂದದ್ದನ್ನು ಹಳೆ ನೀರಿನ ಬಾಟಲಿಗೆ ಸುರಿದಿಟ್ಟಿದ್ದರೆ, ಯಾವ ಪ್ರತಿವಿಷ ಎಂದು ವೈದ್ಯರಿಗೆ ಹೇಳಬೇಕಾದ ಸಾಲೇ ಅಲ್ಲಿರುವುದಿಲ್ಲ.