ಹರಸಿದರೋ, ಮದುವೆ ಮಾಡಿಸಿದರೋ? ಸಲಿಂಗ ವಿವಾಹದ ಪರ ನಿಂತ ಪಾದ್ರಿಗಳ ಬಗ್ಗೆ ಟಿಪ್ಪಣಿ

ಈ ಪಾಠದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಒಂದೇ ಕಡೆ. ‘ಸಲಿಂಗ ಜೋಡಿಗಳಿಗೆ ಚರ್ಚ್ ಒಪ್ಪಿಗೆ ಕೊಟ್ಟಿತು’ ಎಂದು ಬರೆದು ಮುಂದೆ ಹೋಗುತ್ತೇವೆ. ಯಾವ ಚರ್ಚು, ಯಾವುದಕ್ಕೆ ಒಪ್ಪಿಗೆ? ಹರಸುವುದು, ಚರ್ಚಿನಲ್ಲಿ ಮದುವೆ ಮಾಡಿಸುವುದು, ಕಾನೂನಿನ ನೋಂದಣಿ, ಮೂರೂ ಬೇರೆ ಬೇರೆ.

ಕ್ಯಾಥೊಲಿಕ್ ಧರ್ಮಸಭೆ 2023ರ ಡಿಸೆಂಬರ್ 18ರಂದು ಹೊರಡಿಸಿದ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆ ಕೊಟ್ಟದ್ದು ಮೊದಲನೆಯದನ್ನು, ಅಂದರೆ ಹರಸುವುದನ್ನು ಮಾತ್ರ. ಅದರಲ್ಲೂ ಪೂಜಾವಿಧಿ ಇರಕೂಡದು, ಮದುವೆಯ ಉಡುಪು ಇರಕೂಡದು, ಸಿವಿಲ್ ಮದುವೆಯ ಸಮಾರಂಭದ ಜೊತೆಗೂ ನಡೆಯಕೂಡದು. ಗದ್ದಲವೆದ್ದಾಗ 2024ರ ಜನವರಿಯಲ್ಲಿ ವ್ಯಾಟಿಕನ್ ಕೊಟ್ಟ ವಿವರಣೆಯ ಪ್ರಕಾರ ಅದು 10–15 ಸೆಕೆಂಡಿನ ಪ್ರಾರ್ಥನೆ. ಇದನ್ನು ‘ಪೋಪ್ ಸಲಿಂಗ ವಿವಾಹ ಒಪ್ಪಿದರು’ ಎಂದು ಬರೆದರೆ ಉತ್ತರ ತಪ್ಪು.

ಚರ್ಚ್ ಆಫ್ ಸ್ಕಾಟ್ಲೆಂಡ್ ಹೆಚ್ಚು ದೂರ ಹೋಯಿತು. 2022ರ ಮೇ ತಿಂಗಳಲ್ಲಿ 274–136 ಮತಗಳಿಂದ ಮದುವೆಗೇ ಅನುಮತಿ ಕೊಟ್ಟಿತು. ಮನಸ್ಸಿದ್ದ ಪಾದ್ರಿ ಮಾಡಿಸಬಹುದು, ಯಾರ ಮೇಲೂ ಬಲವಂತವಿಲ್ಲ.

ನಿಯಮ ಬದಲಾಗುವ ಮೊದಲೇ ಮದುವೆ ಮಾಡಿಸಿದವರ ಗತಿ ಏನಾಗುತ್ತದೆ? ಅಮೆರಿಕದ ಮೆಥೊಡಿಸ್ಟ್ ಪಾದ್ರಿ ಫ್ರಾಂಕ್ ಶೇಫರ್ ಪ್ರಕರಣ ಓದಿ. 2007ರಲ್ಲಿ ಸ್ವಂತ ಮಗನ ಮದುವೆ ಮಾಡಿಸಿದ್ದಕ್ಕೆ 2013ರಲ್ಲಿ ಚರ್ಚಿನೊಳಗೇ ವಿಚಾರಣೆ ನಡೆದು 30 ದಿನ ಅಮಾನತಾಯಿತು. ಇನ್ನು ಮುಂದೆ ಚರ್ಚಿನ ನಿಯಮ ಮೀರುವುದಿಲ್ಲ ಎಂಬ ಮಾತು ಕೊಡಲು ಒಪ್ಪದಿದ್ದುದಕ್ಕೆ ಪಾದ್ರಿ ಪಟ್ಟವೇ ಹೋಯಿತು. ಮರುವರ್ಷ ಮೇಲ್ಮನವಿಯಲ್ಲಿ ಪಟ್ಟ ವಾಪಸ್ ಬಂತು: ಆದ ತಪ್ಪಿಗೆ ಶಿಕ್ಷೆ ಕೊಡಬಹುದು, ಮುಂದೆ ಆಗಬಹುದಾದ ತಪ್ಪಿಗಲ್ಲ ಎಂಬುದು ಕಾರಣ. ಅಂದರೆ ಅವರು ಗೆದ್ದದ್ದು ಶಿಕ್ಷೆಯ ವಿಧಾನದ ಮೇಲೆ, ಸಲಿಂಗ ವಿವಾಹದ ಮೇಲಲ್ಲ. ಮೆಥೊಡಿಸ್ಟ್ ಚರ್ಚ್ ಆ ನಿಷೇಧ ತೆಗೆದದ್ದು 2024ರಲ್ಲಿ.

ಇನ್ನು ನಮ್ಮೂರು. ಬೆಂಗಳೂರಿನ ಸಭಾಪಾಲಕರೊಬ್ಬರು ಎಷ್ಟೇ ಮನಸ್ಸು ಮಾಡಿದರೂ ಮೂರನೆಯ ಹೆಜ್ಜೆ, ಅಂದರೆ ಕಾನೂನಿನ ನೋಂದಣಿಯ ಹೆಜ್ಜೆ ಇಡಲಾರರು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ 1954ರ ವಿಶೇಷ ವಿವಾಹ ಕಾಯ್ದೆಯೂ ಮದುವೆಯ ವಯಸ್ಸನ್ನು ಗಂಡಿಗೆ 21, ಹೆಣ್ಣಿಗೆ 18 ಎಂದೇ ಲೆಕ್ಕ ಹಾಕುತ್ತವೆ, ಅಂದರೆ ಒಂದು ಗಂಡು ಒಂದು ಹೆಣ್ಣಿನ ಜೋಡಿಯನ್ನೇ ಎಣಿಸುತ್ತವೆ. ಭಾರತೀಯ ದಂಡ ಸಂಹಿತೆಯ 377ನೇ ಕಲಂ ಅಡಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಾದದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಪ್ರಶ್ನೆ ಬೇರೆಯೇ ಉಳಿಯಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ಸುಪ್ರಿಯೋ ತೀರ್ಪಿನಲ್ಲಿ ಮದುವೆ ಮೂಲಭೂತ ಹಕ್ಕಲ್ಲ ಎಂಬುದಕ್ಕೆ ಐವರು ನ್ಯಾಯಮೂರ್ತಿಗಳೂ ಒಂದಾದರು, ಸಿವಿಲ್ ಯೂನಿಯನ್ (ಮದುವೆಯಲ್ಲದ ಜೋಡಿ ಸಂಬಂಧಕ್ಕೆ ಕಾನೂನಿನ ಮನ್ನಣೆ) ವಿಷಯದಲ್ಲಿ ಮಾತ್ರ 3–2. ಇಲ್ಲಿ ಅನೇಕರು ಇಡೀ ತೀರ್ಪನ್ನೇ 3–2 ಎಂದು ಬರೆಯುತ್ತಾರೆ.

ಬೈಬಲ್ ವಾದಕ್ಕೆ ಬಂದರೆ ಪೌಲ ಬರೆದ ಪತ್ರದ ವಚನ 1 ಕೊರಿಂಥ 6:9 ಬಿಡುವಂತಿಲ್ಲ. ಕನ್ನಡದಲ್ಲಿ ‘ಪುರುಷಗಾಮಿಗಳು’ ಎಂದಿರುವ ಕಡೆ ಗ್ರೀಕಿನಲ್ಲಿರುವುದು ‘ಅರ್ಸೆನೊಕೊಯ್ತಾಯ್’: ಅರ್ಸೆನ್ ಎಂದರೆ ಗಂಡು, ಕೊಯ್ತೆ ಎಂದರೆ ಹಾಸಿಗೆ. ಪೌಲನಿಗಿಂತ ಹಿಂದಿನ ಬರಹಗಳಲ್ಲಿ ಈ ಪದ ಸಿಕ್ಕಿಲ್ಲ. ಸಮಾನತೆಯ ಪರ ಇರುವವರು ಇದನ್ನು ಶೋಷಣೆಯ ಸಂಬಂಧ ಎಂದು ಓದುತ್ತಾರೆ. ಗಂಡು-ಗಂಡಿನ ಸಂಬಂಧವನ್ನು ನಿಷೇಧಿಸುವ ಯಾಜಕಕಾಂಡ 20:13ರ ಗ್ರೀಕ್ ಅನುವಾದದಲ್ಲಿ ಈ ಎರಡು ಪದಗಳೂ ಅಕ್ಕಪಕ್ಕ ಇವೆ ಎಂಬುದು ಎದುರು ಪಕ್ಷದ ಗಟ್ಟಿ ಉತ್ತರ. ಅದನ್ನು ಮುಚ್ಚಿಟ್ಟು ಬರೆದ ಪರ-ವಾದ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.