ಕೆರೆಯ ಹೂಳು, ಹವಾಮಾನ ಒಪ್ಪಂದ: ಎಷ್ಟು ಜನರ ಕೂಟ ನಿಲ್ಲುತ್ತದೆ?

ದಾವಣಗೆರೆಯ ನಮ್ಮ ಓದಿನ ಗುಂಪು, ಪರಿಸರ ಒಪ್ಪಂದಗಳಲ್ಲಿ ಎಷ್ಟು ದೇಶಗಳ ಕೂಟ ಒಡೆಯದೆ ನಿಲ್ಲುತ್ತದೆ ಎಂಬ ಅರ್ಥಶಾಸ್ತ್ರದ ಪಾಠದಲ್ಲಿ ಎಡವಿದ್ದು ಒಂದೇ ಕಡೆ. ಕೂಡಿ ನಡೆದರೆ ಲಾಭ ಹೆಚ್ಚಿದ್ದಲ್ಲಿ ಕೂಟವೂ ದೊಡ್ಡದಾಗಿ ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದೆವು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹೊಳಲ್ಕೆರೆ ಕಡೆಯ ಒಂದು ಕೆರೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ.

ಕೆರೆಯ ಕೆಳಗೆ ಹತ್ತು ಅಡಿಕೆ ತೋಟ, ಹತ್ತು ಕೊಳವೆಬಾವಿ. ಹೂಳು ತೆಗೆಸಿದರೆ ನೀರು ಹೆಚ್ಚು ನಿಂತು ಇಂಗುತ್ತದೆ. ವಂತಿಗೆ ಕೊಟ್ಟವರ ಬಾವಿ ಯಾವುದು, ಕೊಡದವರದು ಯಾವುದು ಎಂದು ಅಂತರ್ಜಲ ಕೇಳುವುದಿಲ್ಲ. ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್ ಕೂಡ ಹಾಗೆಯೇ. ಒಂದು ದೇಶ ತಗ್ಗಿಸಿದರೆ ಅದರ ಫಲ ಎಲ್ಲರಿಗೂ.

ತಲಾ ವಂತಿಗೆ 4,000 ರೂಪಾಯಿ. ಒಬ್ಬರು ಕೊಟ್ಟರೆ ಹತ್ತೂ ಮನೆಗೆ ತಲಾ 1,500 ರೂಪಾಯಿಯ ಅನುಕೂಲ. ಹತ್ತೂ ಜನ ಕೊಟ್ಟರೆ ಒಬ್ಬೊಬ್ಬರಿಗೆ ಉಳಿಯುವುದು 11,000. ಒಬ್ಬರು ಹಿಂದೆ ಸರಿದರೆ? ಉಳಿದ ಒಂಬತ್ತು ಜನರಿಗೆ ಈಗಲೂ ಲಾಭವಿದೆ, ಅವರು ಕೆಲಸ ನಿಲ್ಲಿಸುವುದಿಲ್ಲ. ಸರಿದವರಿಗೆ ಪುಕ್ಕಟೆಯಾಗಿ 13,500. ಇದೇ ಆಸೆ ಒಂಬತ್ತನೆಯವರಿಗೂ ಎಂಟನೆಯವರಿಗೂ ಹುಟ್ಟುತ್ತದೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಮೂವರಿಗೆ ಇಳಿದಾಗ ಜಾರಿಕೆ ನಿಲ್ಲುತ್ತದೆ. ಮೂವರಿಗೆ ತಲಾ 500 ಉಳಿಯುತ್ತದೆ. ಅವರಲ್ಲಿ ಒಬ್ಬರು ಬಿಟ್ಟರೆ ಇಬ್ಬರಿಗೆ ಬರುವುದು 3,000, ಖರ್ಚು 4,000. ಅವರೂ ಕೈಬಿಡುತ್ತಾರೆ, ಯಾರಿಗೂ ಏನೂ ಇಲ್ಲ. ಹಾಗಾಗಿ ಯಾರೂ ಬಿಡುವುದಿಲ್ಲ: ಇದು ಆಂತರಿಕ ಸ್ಥಿರತೆ. ಹೊರಗಿರುವವರಿಗೆ 4,500 ಸಿಗುತ್ತಿದೆ, ಸೇರಿದರೆ 2,000; ಯಾರೂ ಸೇರುವುದಿಲ್ಲ: ಇದು ಬಾಹ್ಯ ಸ್ಥಿರತೆ. ಎರಡೂ ಬೇಕು.

ಈಗ ತಲಾ ಅನುಕೂಲವನ್ನು 1,500ರಿಂದ 450ಕ್ಕೆ ಇಳಿಸಿ ನೋಡಿ. ನಿಲ್ಲುವ ಕೂಟ ಒಂಬತ್ತು ಜನರದು! ಆದರೆ ಪ್ರತಿ ಸದಸ್ಯರಿಗೆ ಉಳಿಯುವುದು ಬರೀ 50 ರೂಪಾಯಿ. ನನ್ನನ್ನು ನಿದ್ದೆಗೆಡಿಸಿದ ಫಲಿತಾಂಶ ಇದು: ಕೂಡಿದರೆ ಬಹಳ ಸಿಗುವ ಕಡೆ ಕೂಟ ಸಣ್ಣದು, ಕೂಟ ದೊಡ್ಡದಾಗಿ ನಿಲ್ಲುವ ಕಡೆ ಸಿಗುವುದು ಅಲ್ಪ. 1990ರ ದಶಕದ ಆರಂಭದಲ್ಲಿ ಅರ್ಥಶಾಸ್ತ್ರಜ್ಞ ಸ್ಕಾಟ್ ಬ್ಯಾರೆಟ್ ಮತ್ತು ಇತರರು ಪರಿಸರ ಒಪ್ಪಂದಗಳ ಬಗ್ಗೆ ತೋರಿಸಿದ ಹುರುಳೂ ಇದೇ. ಪರೀಕ್ಷೆಯಲ್ಲಿ ‘ದೇಶಗಳು ಸ್ವಾರ್ಥಿಗಳು’ ಎಂದು ಬರೆದು ಮುಗಿಸಬೇಡಿ. ಬಿಟ್ಟುಹೋದರೆ ಉಳಿದವರು ಏನು ಮಾಡುತ್ತಾರೆ ಎಂಬುದೇ ನಿರ್ಣಾಯಕ.

ಹಸಿರುಮನೆ ಅನಿಲಗಳನ್ನು ತಗ್ಗಿಸುವ 1997ರ ಕ್ಯೋಟೋ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಿತು, ಅನುಮೋದಿಸಲಿಲ್ಲ. ಕೆನಡಾ 2011ರಲ್ಲಿ ಹೊರನಡೆಯುವುದಾಗಿ ಘೋಷಿಸಿತು. ಹೊರಗಿದ್ದವರ ಮೇಲೆ ಯಾವ ಭಾರವೂ ಬೀಳಲಿಲ್ಲ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವಾದರೋ ಸದಸ್ಯರಲ್ಲದ ದೇಶಗಳೊಂದಿಗೆ ಆ ಪದರವನ್ನು ಹಾಳುಮಾಡುವ ರಾಸಾಯನಿಕಗಳ ವ್ಯಾಪಾರವನ್ನೇ ನಿರ್ಬಂಧಿಸಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದರೊಳಗೆ ಬಂದವು.

ಮತ್ತೆ ಕೆರೆಗೆ ಬನ್ನಿ. ಮೊದಲ ಲೆಕ್ಕದಲ್ಲಿ ಹತ್ತು ಜನರಿದ್ದಾಗ ಬಿಟ್ಟುಹೋಗುವವರ ಹೆಚ್ಚುವರಿ ಲಾಭ 2,500. ಕೊಡದವರ ಅಡಿಕೆ ಸುಲಿಯಲು ಯಂತ್ರ ಬಾಡಿಗೆಗೆ ಕೊಡುವುದಿಲ್ಲ ಎಂದು ಉಳಿದವರು ಬಿಗಿಹಿಡಿದು, ಅದರಿಂದಾಗುವ ನಷ್ಟ 2,500 ದಾಟಿದರೆ, ಹತ್ತೂ ಜನ ನಿಲ್ಲುತ್ತಾರೆ. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 2015ರಲ್ಲಿ ಮುಂದಿಟ್ಟ, ಹೊರಸೂಸುವಿಕೆ ತಗ್ಗಿಸಲು ಒಪ್ಪಿದ ದೇಶಗಳ ಕೂಟವಾದ ‘ಹವಾಮಾನ ಕ್ಲಬ್’ನಲ್ಲಿ ದಂಡದ ಈ ಕೆಲಸವನ್ನು ಹೊರಗಿನ ದೇಶಗಳ ಸರಕಿನ ಮೇಲಿನ ಆಮದು ಸುಂಕ ಮಾಡುತ್ತದೆ. ತಲಾ ಅನುಕೂಲ 1,200 ಆದರೆ ದಂಡವಿಲ್ಲದೆ ನಿಲ್ಲುವ ಕೂಟ ಎಷ್ಟು ಜನರದು, ಹತ್ತೂ ಜನ ನಿಲ್ಲಲು ದಂಡ ಎಷ್ಟನ್ನು ದಾಟಬೇಕು? ನನಗೆ ಬಂದ ಉತ್ತರ ನಾಲ್ವರು ಮತ್ತು 2,800. ನೀವೂ ಹಾಳೆಯ ಮೇಲೆ ಹಾಕಿ ನೋಡಿ.